ಅವರದು ವಿಂಟೇಜ್, ನಮ್ಮದು ಗುಜರಿ?

ಸ್ವಲ್ಪ ಉದ್ದ ಬರೀತೀನಿ, ಪೂರ್ತಿ ಓದ್ರಿ.

ಕಡೇಚೂರು, ಬಾಡಿಯಾಳ, ಸೈದಾಪುರ ಕಡೆ ನಮ್ಮ ಕೇರಿ ಹುಡುಗ್ರು ಹಳೇ ಆರ್‌ಎಕ್ಸ್ 100 ಗಾಡಿ ತಂದು, ಮನಿ ಮುಂದ ಬಿಚ್ಚಿ, ತಾವೇ ತಯಾರ ಮಾಡ್ತಾರ. ಇದರ ಬಗ್ಗೆ ಊರಾಗ ಮೂರು ಮಾತು ಓಡಾಡ್ತಾವ. ಒಂದು, "ದುಡಿಯೋದು ಬಿಟ್ಟು ಗುಜರಿ ಜೋಡಿ ಕುಂತಾರ." ಎರಡು, "ಇವರಿಗೆ ಗಾಡಿ ಎಲ್ಲಿಂದ ಬಂತು?" ಮೂರು, "ಇವರಿಗ್ಯಾಕ ಬೇಕು ಇಷ್ಟು ಸೊಕ್ಕು?" ಮೂರಕ್ಕೂ ಇಲ್ಲೇ ಉತ್ತರ ಕೊಡ್ತೀನಿ.

ಮೊದಲನೇ ಮಾತು: ಗುಜರಿ.

ಆರ್‌ಎಕ್ಸ್ 100 ನಮ್ಮ ದೇಶದಾಗ ತಯಾರಾಗಿದ್ದು 1985ರಿಂದ 1996ರ ತನಕ. 98 ಸಿಸಿ, ಟೂ ಸ್ಟ್ರೋಕ್, 11 ಅಶ್ವಶಕ್ತಿ. ಅಂದ್ರ ಎಷ್ಟೇ ಹೊಸಾದು ಅಂದ್ರೂ ಆ ಗಾಡಿಗೆ ಸುಮಾರು ಮೂವತ್ತು ವರ್ಷ ವಯಸ್ಸು. ಅದು ಸತ್ತು ಬಿದ್ದಾಗ ಎಬ್ಬಿಸೋದು ಆಟ ಅಲ್ಲ. ಬೋರ್ ಸವೆದಿದ್ರ ಲೇತ್‌ಗೆ ಒಯ್ದು ಕೊರೆಸಬೇಕು, ಅದಕ್ಕ ತಕ್ಕ ಓವರ್‌ಸೈಜ್ ಪಿಸ್ಟನ್ ಹುಡುಕಬೇಕು. ಪಿಸ್ಟನ್ನಿಗೂ ಸಿಲಿಂಡರ್ ಗ್ವಾಡಿಗೂ ನಡುವಿನ ಸಂದು ಕೂದಲಿಗಿಂತ ಸಣ್ಣದು. ಅದು ತಪ್ಪಿದ್ರ ಹತ್ತು ಕಿಲೋಮೀಟರ್‌ನಾಗ ಇಂಜಿನ್ ಜಾಮ್. ಸೈಲೆನ್ಸರ್ ಒಳಗ ಕಟ್ಟಿದ ಕಾರ್ಬನ್ ಸುಟ್ಟು ತೆಗೀಬೇಕು. ಕಾರ್ಬೊರೇಟರ್ ಜೆಟ್ ತೊಳೆದು, ಏರ್ ಸ್ಕ್ರೂ ಕಾಲು ಸುತ್ತು ಆ ಕಡೆ, ಕಾಲು ಸುತ್ತು ಈ ಕಡೆ ತಿರುವಿ ಕಿವಿ ಕೊಟ್ಟು ಕೇಳಬೇಕು.

ಆಮೇಲೆ ಪ್ಲಗ್ ಬಿಚ್ಚಿ ಬಣ್ಣ ನೋಡಬೇಕು. ತುದಿ ಕರ್ರಗ ಮಸಿ ಹಿಡಿದಿದ್ರ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮಿ. ಬೆಳ್ಳಗ ಸುಟ್ಟಂಗ ಇದ್ರ ಗಾಳಿ ಹೆಚ್ಚು. ಹಂಗೇ ಓಡಿಸಿದ್ರ ಪಿಸ್ಟನ್ ಕರಗತದ. ಹಾಲು ಹಾಕಿದ ಚಹಾದ ಬಣ್ಣ ಇದ್ರ ಸರಿ. ಇದನ್ನ ನಮ್ಮ ಹುಡುಗ್ರು ಯಾವ ಕಾಲೇಜಿನಾಗೂ ಕಲಿತಿಲ್ಲ. ಎಸ್ಸೆಸ್ಸೆಲ್ಸಿ ಫೇಲಾದ ಹುಡುಗ ಪ್ಲಗ್ ನೋಡಿ ಇಂಜಿನ್ ರೋಗ ಹೇಳ್ತಾನ. ಇದಕ್ಕ ಜ್ಞಾನ ಅನ್ನದೇ ಏನಂತೀರಿ?

ಇದೇ ಕೆಲಸ ಬೆಂಗಳೂರಿನ ಗ್ಯಾರೇಜಿನಾಗ ಎಸಿ ಹಾಕ್ಕೊಂಡು ಮಾಡಿದ್ರ ಅದರ ಹೆಸರು 'ರೆಸ್ಟೋರೇಶನ್'. ತಯಾರಾದ ಆರ್‌ಎಕ್ಸ್ 100ಕ್ಕೆ ಇವತ್ತು ಲಕ್ಷ ರೂಪಾಯಿ ಮೇಲೆ ಕೇಳ್ತಾರ. 1961ರಲ್ಲಿ ಮೈಸೂರಿನಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿದ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ಗಾಡಿಗಳಿಗೆ ಈಗ ಕ್ಲಬ್ಬು ಅದಾವ, ವರ್ಷಕ್ಕೊಮ್ಮೆ ಮೆರವಣಿಗೆ ಅದ, ಪೇಪರ್‌ನಾಗ ಫೋಟೋ ಬರ್ತದ. ಬರಲಿ, ಅದಕ್ಕ ನಮ್ಮ ತಕರಾರಿಲ್ಲ. ನನ್ನ ಪ್ರಶ್ನೆ ಒಂದೇ. ಅದೇ ಇಂಜಿನ್, ಅದೇ ಸ್ಪ್ಯಾನರ್, ಅದೇ ಗ್ರೀಸ್. ಅವರ ಕೈಯಾಗ ಇದ್ರ ಪರಂಪರೆ, ನಮ್ಮ ಕೈಯಾಗ ಇದ್ರ ಗುಜರಿ ಹೆಂಗಾಗ್ತದ? ಹೆಸರಿಡೋ ಅಧಿಕಾರ ನಿಮಗ್ಯಾರು ಕೊಟ್ರು?

ಇದು ಹೊಸ ರೋಗ ಅಲ್ಲ. ಚರ್ಮ ಹದ ಮಾಡೋದು ರಸಾಯನಶಾಸ್ತ್ರ. ಬಾವಿಯಿಂದ ನೀರೆತ್ತೋ ಚರ್ಮದ ಮೊಟ್ಟಿ ಒಂದು ಹನಿ ಸೋರದಂಗ ಹೊಲಿಯೋದು ತಂತ್ರಜ್ಞಾನ. ಆ ನೀರಿನಿಂದ ಬೆಳೆದ ಜ್ವಾಳ ಊರೆಲ್ಲ ಉಂಡಿತು. ಹೊಲಿದವನನ್ನ ಮಾತ್ರ ಊರ ಹೊರಗಿಟ್ಟಿತು. ಕೆಲಸ ನಮ್ಮದು, ಹೆಸರು ಅವರದು. ಇವತ್ತು ಮೊಟ್ಟಿ ಹೋಗಿ ಕಾರ್ಬೊರೇಟರ್ ಬಂದದ, ಅಷ್ಟೇ.

ಎರಡನೇ ಮಾತು: ಗಾಡಿ ಎಲ್ಲಿಂದ ಬಂತು?

ಈ ಪ್ರಶ್ನಿ ನಮ್ಮ ಹುಡುಗ್ರಿಗೆ ರಸ್ತೆಮ್ಯಾಲ ಮೊದಲು ಬೀಳ್ತದ. ಹೆಸರು ಕೇಳ್ತಾರ, ಊರು ಕೇಳ್ತಾರ, "ಯಾವ ಓಣಿ?" ಅಂತಾರ. ಓಣಿ ಗೊತ್ತಾದ ಮ್ಯಾಲ ದನಿ ಬದಲಾಗ್ತದ. ಗೌಡರ ಮಗನ ಗಾಡಿಗೆ ಆರ್‌ಸಿ ಕೇಳಲ್ಲ, ನಮ್ಮ ಹುಡುಗನ ಗಾಡಿಗೆ ಚೆಸಿ ನಂಬರ್ ತಿಕ್ಕಿ ನೋಡ್ತಾರ.

ಕಾನೂನು ಏನದ ಅಂತ ಎಲ್ಲರೂ ತಿಳ್ಕೋಬೇಕು. ಹದಿನೈದು ವರ್ಷ ಆದ ಸ್ವಂತ ಗಾಡಿಯ ನೋಂದಣಿ ನವೀಕರಣ ಮಾಡಿಸಬೇಕು, ಅದು ಐದೈದು ವರ್ಷಕ್ಕೊಮ್ಮೆ. ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರ ಬದಲಾಗುವಂಗ ಗಾಡಿ ತಿದ್ದಂಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿದೆ. ಮಾಲೀಕ ಹಂಗ ತಿದ್ದಿದ್ರ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳ ತನಕ ಜೈಲು, ಅಥವಾ ಎರಡೂ.

ಈಗ ಇನ್ನೊಂದು ಕಡೆ ನೋಡ್ರಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ 'ವಿಂಟೇಜ್' ಗಾಡಿಗೆ ಬೇರೆ ನಿಯಮ ತಂತು. 50 ವರ್ಷ ದಾಟಿರಬೇಕು, ಮೂಲ ರೂಪದಾಗ ಇರಬೇಕು, ಹೊಸ ನೋಂದಣಿಗೆ 20,000 ರೂಪಾಯಿ ಕಟ್ಟಬೇಕು. ದಿನಾ ಓಡಿಸಂಗಿಲ್ಲ, ಪ್ರದರ್ಶನಕ್ಕ, ರ‍್ಯಾಲಿಗೆ ಒಯ್ಯಬಹುದು. ಅಂದ್ರ ಶೆಡ್ಡಿನಾಗ ನಿಲ್ಲಿಸಿ ವರ್ಷಕ್ಕೆರಡು ಸಲ ಒರೆಸೋನಿಗೆ ಗೌರವದ ನಂಬರ್ ಪ್ಲೇಟು. ಅದೇ ವಯಸ್ಸಾದ ಗಾಡಿಮ್ಯಾಲ ದಿನಾ ಕೂಲಿಗೆ ಹೋಗೋನಿಗೆ ದಂಡದ ರಸೀದಿ. ಹಳೇದನ್ನ ಕಾಪಾಡೋನು ಯಾರು, ಬಳಸಿ ಬದುಕೋನು ಯಾರು ಅನ್ನೋ ಲೆಕ್ಕ ಈ ನಿಯಮ ಮಾಡಿದವರಿಗೆ ಬರಲಿಲ್ಲ.

ಮೂರನೇ ಮಾತು: ಸೊಕ್ಕು.

ಇದಕ್ಕ ಸಿಟ್ಟಿನಿಂದಲೇ ಉತ್ತರ ಕೊಡ್ತೀನಿ. 2020ರ ಜುಲೈ. ನಮ್ಮ ಪಕ್ಕದ ವಿಜಯಪುರ ಜಿಲ್ಲೆ, ತಾಳಿಕೋಟೆ ಹತ್ರ ಮಿಣಜಗಿ. ಮೇಲ್ಜಾತಿಯವನ ಬೈಕ್ ಮುಟ್ಟಿದ ಅಂತ ಒಬ್ಬ ದಲಿತನನ್ನ ಬಟ್ಟೆ ಬಿಚ್ಚಿಸಿ ಹೊಡೆದ್ರು ಅಂತ ಕೇಸಾತು. ಮುಟ್ಟಿದ್ದು ಬೈಕ್! 2025ರ ಫೆಬ್ರವರಿ, ತಮಿಳುನಾಡಿನ ಶಿವಗಂಗಾ ಜಿಲ್ಲೆ. ಬುಲೆಟ್ ಓಡಿಸಿದ ಅಂತ ದಲಿತ ವಿದ್ಯಾರ್ಥಿಯ ಕೈಗೆ ಕತ್ತಿ ಬೀಸಿದ್ರು ಅಂತ ಮನೆಯವರ ದೂರು. 1927ರಲ್ಲಿ ಬಾಬಾಸಾಹೇಬರು ಮಹಾಡದ ಚವದಾರ ಕೆರೆ ನೀರು ಮುಟ್ಟಿದಾಗ ಮೈಲಿಗೆ ಆತು ಅಂತ ಕೆರೆ ಶುದ್ಧ ಮಾಡಿದವರ ಮೊಮ್ಮಕ್ಕಳು ಈಗ ಪೆಟ್ರೋಲ್ ಟಾಂಕಿಗೂ ಮೈಲಿಗೆ ಹಚ್ಯಾರ.

ಆದ್ರ ಅದೇ ಬೈಕ್ ನಡುರಸ್ತೆಯಾಗ ಕೆಟ್ಟು ನಿಂತ್ರ? ಆಗ "ಬಾರೋ ತಮ್ಮಾ, ಸ್ವಲ್ಪ ನೋಡು" ಅಂತಾರ. ರಿಪೇರಿಗೆ ಮುಟ್ಟಬಹುದು, ಹತ್ತಿ ಕೂಡಬಾರದು. ಇದಕ್ಕ ಸಂಪ್ರದಾಯ ಅಂತೀರಾ? ನಾವು ಅಪರಾಧ ಅಂತೀವಿ, ಕಾನೂನೂ ಹಂಗೇ ಅಂತದ. ನಮ್ಮ ಹುಡುಗ ತನ್ನ ಕೈಯಾರೆ ಎಬ್ಬಿಸಿದ ಗಾಡಿಮ್ಯಾಲ ನೆಟ್ಟಗ ಕುಂತು ಅಗಸಿ ಮುಂದ ಹೋಗೋದು ಸೊಕ್ಕಲ್ಲ. ಅದು ಅವನ ಹಕ್ಕು.

ಈಗ ನಮ್ಮ ಹುಡುಗ್ರಿಗೆ ಎರಡು ಮಾತು. ತಮ್ಮಂದಿರಾ, ಸಿಟ್ಟಾಗಬ್ಯಾಡ್ರಿ.

ಸೈಲೆನ್ಸರ್ ಕೊಯ್ದು ಸದ್ದು ಮಾಡೋದು ಬಿಡ್ರಿ. ಟೂ ಸ್ಟ್ರೋಕ್ ಇಂಜಿನ್ನಿಗೆ ಎಕ್ಸಾಸ್ಟ್ ವಾಲ್ವ್ ಇರಲ್ಲ. ಹೊಗಿ ಹೊರಗ ಹೋಗುವಾಗ ಸೈಲೆನ್ಸರ್ ಒಳಗಿನ ಆಕಾರಕ್ಕ ಬಡಿದು ಒತ್ತಡದ ಅಲೆ ವಾಪಸ್ ಬರ್ತದ. ಹೊರಗ ಜಾರಿ ಹೋಗ್ತಿದ್ದ ಹೊಸ ಪೆಟ್ರೋಲ್-ಗಾಳಿಯನ್ನ ಅದು ಸಿಲಿಂಡರಿಗೆ ತಿರುಗಿ ನೂಕತದ. ಆ ಆಕಾರ ಕೆಡಿಸಿದ್ರ ಸದ್ದು ಏರತದ, ಎಳೆತ ಇಳೀತದ. ನಿಮಗಿದು ಗೊತ್ತದ, ಆದ್ರೂ ಮಾಡ್ತೀರಿ. ಆ ಸದ್ದಿಗೆ ಮೊದಲು ಎಚ್ಚರಾಗೋದು ಕೇರ್ಯಾಗಿನ ಹಸುಗೂಸು, ಕೂಲಿ ಮಾಡಿ ಮಲಗಿದ ನಮ್ಮವ್ವ. ಮೇಲಾಗಿ, ಗಾಡಿ ಹಿಡಿಯಾಕ ಕಾರಣ ಹುಡುಕೋರ ಕೈಗೆ ಕಾರಣ ನೀವೇ ಕೊಟ್ಟಂಗಾತು. ಆರ್‌ಸಿ, ಇನ್ಶೂರೆನ್ಸ್, ಹೊಗಿ ಸರ್ಟಿಫಿಕೇಟ್ ಇಟ್ಕೋರಿ. ಬಣ್ಣ ಬದಲಾಯಿಸಿದ್ರ ಆರ್‌ಸಿಯಾಗ ತಿದ್ದಿಸ್ರಿ. ಹೆಲ್ಮೆಟ್ ಹಾಕ್ರಿ. ಬಾಬಾಸಾಹೇಬರು ನಮಗ ಕೊಟ್ಟ ಆಯುಧ ಕಾಗದ. ಅದು ಜೇಬಿನಾಗ ಇರಬೇಕು.

ಕಡೀಗೆ ಸರ್ಕಾರಕ್ಕ, ಕಾರ್ಖಾನೆ ಮಾಲೀಕರಿಗೆ.

ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕ ಮೂರು ಸಾವಿರ ಎಕರೆಗೂ ಹೆಚ್ಚು ಭೂಮಿ ಹೋತು. ಕೂಲಿಯವರ ಹೆಸರು ಪಹಣಿಯಾಗ ಇರಲ್ಲ, ಹಂಗಾಗಿ ಪರಿಹಾರದ ಪಟ್ಟಿಯಾಗೂ ಇರಲ್ಲ. ಕೆಮಿಕಲ್ ಕಾರ್ಖಾನೆ ನಾತ ಮಾತ್ರ ಜಾತಿ ನೋಡದೇ ಎಲ್ಲರ ಮನಿಗೂ ಬರ್ತದ. ಅಲ್ಲೇ ರೈಲ್ವೆ ಬೋಗಿ ಕಾರ್ಖಾನೆ ಅದ. ಕಬ್ಬಿಣದ ಭಾಷೆ ಬಲ್ಲ ಹುಡುಗ್ರು ಗೇಟಿನ ಹೊರಗ ಆರ್‌ಎಕ್ಸ್ 100 ಬಿಚ್ಚಿಕೊಂಡು ಕುಂತಾರ. ಒಳಗ ಹೋದ್ರೂ ಗುತ್ತಿಗೆದಾರನ ಕೈಕೆಳಗ ಕಸ ಹೊಡೆಯಾಕ, ಚೀಲ ಹೊರಾಕ. 371ಜೆ ಮೀಸಲಾತಿ ಸರ್ಕಾರಿ ನೌಕರಿಗೆ ಅದ, ಖಾಸಗಿ ಗೇಟಿನ ತನಕ ಬರಲ್ಲ.

ನಮ್ಮ ಬೇಡಿಕೆ ಇಷ್ಟು.

ಒಂದು, ಕೆಲಸ ಮೊದಲೇ ಬಲ್ಲವರಿಗೆ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡೋ ವ್ಯವಸ್ಥೆ ಕೇಂದ್ರದ ಕೌಶಲ ಯೋಜನೆಯಾಗ ಅದ. ಅದನ್ನ ಕೇರಿಗೆ ತರ್ರಿ. ಹುಡುಗನ ಕೈಗೆ ಸತ್ತ ಇಂಜಿನ್ ಕೊಟ್ಟು ನೋಡ್ರಿ, ಮಾರ್ಕ್ಸ್ ಕಾರ್ಡ್ ಆಮೇಲೆ ಕೇಳ್ರಿ.

ಎರಡು, 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಹಣದಾಗ ಸೈದಾಪುರದಲ್ಲಿ ಒಂದು ಶೆಡ್, ಒಂದು ಲೇತ್, ಒಂದು ವೆಲ್ಡಿಂಗ್ ಮಶೀನ್ ಹಾಕ್ರಿ. ಆ ಹಣ ನಮ್ಮದು, ದಾನ ಅಲ್ಲ.

ಮೂರು, ಭೂಮಿ ಕೊಟ್ಟ ಊರಿನ ಹುಡುಗ್ರಿಗೆ ಕಾರ್ಖಾನೆಯ ಮೆಂಟೆನೆನ್ಸ್ ವಿಭಾಗದಾಗ ಕಾಯಂ ಕೆಲಸ ಕೊಡ್ರಿ. ಪೊರಕೆ ಹಿಡಿಸೋದು ಸಾಕು, ಸ್ಪ್ಯಾನರ್ ಕೊಡ್ರಿ.

ನಮ್ಮ ಹುಡುಗ್ರು ಮೂವತ್ತು ವರ್ಷದ ಹಿಂದೆ ಕಂಪನಿ ಕೈಬಿಟ್ಟ ಗಾಡಿಗೆ ಜೀವ ಕೊಡ್ತಾರ. ಅವರನ್ನೇ ಗುಜರಿಗೆ ಹಾಕಾಕ ನಾವು ಬಿಡಲ್ಲ.

ಒಪ್ಪಿದವರು ಶೇರ್ ಮಾಡ್ರಿ. ಒಪ್ಪದವರು ಬಂದು ವಾದ ಮಾಡ್ರಿ. ಬರುವಾಗ ಗಾಡಿ ಕೆಟ್ರ ಫೋನ್ ಮಾಡ್ರಿ, ನಮ್ಮ ಹುಡುಗ್ರು ಬರ್ತಾರ. ಓಣಿ ಯಾವುದು ಅಂತ ಕೇಳಲ್ಲ.

ಜೈಭೀಮ್. ಜೈ ಸಂವಿಧಾನ.