ಒಲೆ ಆರಿದ ಮೇಲೆ ಸುಟ್ಟುಹೋದ ದೋಣಿ

ಪುಕ್ಕಟೆ ಸಿಕ್ಕಿದ ಆನೆಯನ್ನು ಊರಿನವರು ಮನೆಗೆ ತಂದು ಕಟ್ಟಿಕೊಳ್ಳುವುದು ಸುಲಭ. ಸಾಕುವುದು ಬೇರೆ ಮಾತು. ಹಾಗೆ ಆನೆ ಕಟ್ಟಿಕೊಂಡು ಕಳೆದುಕೊಂಡ ಒಂದು ಊರಿನ ಕತೆ ಇದು. ಊರು ಅಮೆರಿಕದ ಮಿಸಿಸಿಪ್ಪಿ ರಾಜ್ಯದ ವಿಕ್ಸ್‌ಬರ್ಗ್. ಆನೆ ಎಂದರೆ ‘ಸ್ಪ್ರೇಗ್’ ಎಂಬ ನದಿ ಟಗ್ ಬೋಟು. 1974ರ ಏಪ್ರಿಲ್ 15ರಂದು, ದಡದಲ್ಲಿ ಕಟ್ಟಿಹಾಕಿದ್ದ ಜಾಗದಲ್ಲೇ ಅದು ಹೊತ್ತಿ ಉರಿಯಿತು. 2024ಕ್ಕೆ ಅದಾಗಿ ಭರ್ತಿ ಐವತ್ತು ವರ್ಷ.

‘ಎಲ್ಲಿಯ ಮಿಸಿಸಿಪ್ಪಿ, ಎಲ್ಲಿಯ ನಮ್ಮ ಜಿಲ್ಲೆ? ಸ್ಥಳೀಯ ಅಂಕಣದಲ್ಲಿ ಇದೇನು ಸ್ವಾಮಿ?’ ಅಂತ ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಪೌರಸಭೆ ಎಂದರೆ ಎಲ್ಲಿದ್ದರೂ ಪೌರಸಭೆಯೇ. ಪೂರ್ತಿ ಓದಿ ಆಮೇಲೆ ಬೈಯಿರಿ.

ಎಳೆಯುವುದಲ್ಲ, ತಳ್ಳುವುದು

ಟಗ್ ಎಂದರೆ ಹಗ್ಗ ಕಟ್ಟಿ ಎಳೆಯುವ ದೋಣಿ ಎಂದು ನಾವು ತಿಳಿದಿದ್ದೇವೆ. ಮಿಸಿಸಿಪ್ಪಿಯ ಪದ್ಧತಿ ಬೇರೆ. ಅಲ್ಲಿ ಸರಕು ತುಂಬಿದ ಬಾರ್ಜುಗಳನ್ನು ಒಂದಕ್ಕೊಂದು ಬಿಗಿದು ದೊಡ್ಡ ಚಾಪೆಯಂತೆ ಮಾಡುತ್ತಾರೆ. ಟಗ್ ಹಿಂದೆ ನಿಂತು ಆ ಚಾಪೆಯನ್ನು ತಳ್ಳುತ್ತದೆ. ನದಿಯ ತಿರುವು, ಮರಳ ದಿಬ್ಬ, ಸೆಳವು ಎಲ್ಲವನ್ನೂ ಲೆಕ್ಕ ಹಾಕಿ ಎಕರೆಗಟ್ಟಲೆ ಜಾಗವನ್ನು ನೀರ ಮೇಲೆ ತಿರುಗಿಸಬೇಕು. ಹುಡುಗಾಟದ ಕೆಲಸವಲ್ಲ.

ಸ್ಪ್ರೇಗ್ ಹುಟ್ಟಿದ್ದು 1901ರಲ್ಲಿ, ಅಯೋವಾ ರಾಜ್ಯದ ಡುಬ್ಯೂಕ್ ಊರಿನಲ್ಲಿ. ಕಟ್ಟಿಸಿದ್ದು ಕಲ್ಲಿದ್ದಲು ಕಂಪನಿ. ಒಡಲು ಉಕ್ಕಿನದು, ಅದರ ಮೇಲಿನ ಅಂತಸ್ತು, ಕೋಣೆಗಳೆಲ್ಲ ಮರದ್ದು. ಹಿಂಬದಿಯಲ್ಲಿ ಹಲಗೆ ಜೋಡಿಸಿದ ದೈತ್ಯ ಚಕ್ರ; ಅದರ ಎತ್ತರವೇ ಸುಮಾರು 38 ಅಡಿ. ಚಕ್ರ ಸೇರಿ ದೋಣಿಯ ಉದ್ದ 318 ಅಡಿ, ಅಗಲ 61 ಅಡಿ. ಚಕ್ರ ತಿರುಗಿಸಲು ಉಗಿ, ಉಗಿಗೆ ಬಾಯ್ಲರು, ಬಾಯ್ಲರಿಗೆ ಕಲ್ಲಿದ್ದಲು. ನದಿಯ ಜನ ಪ್ರೀತಿಯಿಂದ ಇಟ್ಟ ಹೆಸರು ‘ಬಿಗ್ ಮಾಮಾ’. ನಮ್ಮ ಮಾತಿನಲ್ಲಿ ದೊಡ್ಡವ್ವ.

ದೊಡ್ಡವ್ವ ಹೆಸರಿಗೆ ತಕ್ಕ ಹಾಗೇ ದುಡಿದಳು. 1907ರಲ್ಲಿ 60 ಬಾರ್ಜು ಕಲ್ಲಿದ್ದಲನ್ನು ಒಂದೇ ಸಲಕ್ಕೆ ತಳ್ಳಿಕೊಂಡು ಹೋದ ದಾಖಲೆ ಅವಳದು. ತೂಕ 67,307 ಟನ್. ಹತ್ತು ಟನ್ ಹೊರುವ ಲಾರಿ ಲೆಕ್ಕದಲ್ಲಿ 6,700ಕ್ಕೂ ಮಿಕ್ಕಿ ಲಾರಿ ಬೇಕು. ನೀರಿನ ಮೇಲೆ ಆ ಸರಕು ಹರಡಿಕೊಂಡಿದ್ದ ಜಾಗ ಆರೂವರೆ ಎಕರೆ. ಮುಂದೆ ಕಲ್ಲಿದ್ದಲಿನ ಕಾಲ ಇಳಿದು ಎಣ್ಣೆಯ ಕಾಲ ಬಂದಾಗ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಎಣ್ಣೆ ಬಾರ್ಜುಗಳನ್ನು ತಳ್ಳಿದಳು. 1927ರ ಮಹಾ ನೆರೆಯಲ್ಲಿ ಒಡ್ಡು ಒಡೆದು ಗ್ರೀನ್‌ವಿಲ್ ಪಟ್ಟಣ ಮುಳುಗಿದಾಗ ಅಲ್ಲಿನ ನಿರಾಶ್ರಿತರನ್ನು ವಿಕ್ಸ್‌ಬರ್ಗಿಗೆ ತಂದು ಇಳಿಸಿದವರಲ್ಲಿ ಅವಳೂ ಒಬ್ಬಳು.

ಒಂದು ಡಾಲರಿನ ವ್ಯವಹಾರ

ಡೀಸೆಲ್ ಎಂಜಿನ್ ಬಂದ ಮೇಲೆ ಉಗಿ ದೋಣಿಗೆ ಯಾರು ಅನ್ನ ಹಾಕುತ್ತಾರೆ? 1948ರಲ್ಲಿ ಸ್ಪ್ರೇಗ್‌ಗೆ ನಿವೃತ್ತಿ ಕೊಟ್ಟರು. ವಿಕ್ಸ್‌ಬರ್ಗ್ ನಗರಾಡಳಿತ ಒಂದು ಡಾಲರು ಕೊಟ್ಟು ತನ್ನದಾಗಿಸಿಕೊಂಡಿತು. ಊರಿಗೆ ಖುಷಿಯೋ ಖುಷಿ. ದೋಣಿ ವಸ್ತುಸಂಗ್ರಹಾಲಯವಾಯಿತು, ನಾಟಕದ ಥಿಯೇಟರೂ ಆಯಿತು. ಊರಿನ ಹವ್ಯಾಸಿಗಳು 1936ರಿಂದ ಆಡಿಕೊಂಡು ಬಂದಿದ್ದ ‘ಗೋಲ್ಡ್ ಇನ್ ದ ಹಿಲ್ಸ್’ ಎಂಬ ನಾಟಕ ಅದರಲ್ಲೇ ವರ್ಷಗಟ್ಟಲೆ ನಡೆಯಿತು. ಪರ ಊರಿನವರು ನೋಡಲು ಬಂದರು. ಕಾಲು ಶತಮಾನ ಹೀಗೇ ಕಳೆಯಿತು. ಆಮೇಲೆ ಬೆಂಕಿ.

ಇಲ್ಲಿ ಯೋಚಿಸಬೇಕಾದ ಮಾತೊಂದಿದೆ. ನಲವತ್ತಾರು ವರ್ಷ ಈ ದೋಣಿ ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡೇ ಓಡಿತು. ಕೆಳಗೆ ಬಾಯ್ಲರು ಧಗಧಗ, ಮೇಲೆ ಒಣ ಮರ, ಮುಂದೆ ಎಣ್ಣೆ ತುಂಬಿದ ಬಾರ್ಜು. ಆಗ ಸುಟ್ಟುಹೋಗಲಿಲ್ಲ. ಬಾಯ್ಲರು ತಣ್ಣಗಾಗಿ, ದಡದಲ್ಲಿ ಸುಮ್ಮನೆ ನಿಂತಿದ್ದಾಗ ಸುಟ್ಟುಹೋಯಿತು. ಯಾಕೆ?

ಕಾರಣ ಸರಳ. ಓಡುವ ಉಗಿ ದೋಣಿಯಲ್ಲಿ ಹಗಲು ರಾತ್ರಿ ಪಾಳಿಯ ಮೇಲೆ ಜನ ಎಚ್ಚರ ಇರುತ್ತಾರೆ. ಒಬ್ಬ ಬಾಯ್ಲರ್ ನೋಡುತ್ತಾನೆ, ಒಬ್ಬ ಎಂಜಿನ್ ನೋಡುತ್ತಾನೆ, ಒಬ್ಬ ಮೇಲೆ ಚುಕ್ಕಾಣಿ ಹಿಡಿದಿರುತ್ತಾನೆ. ಎಲ್ಲಿ ಹೊಗೆ ಕಂಡರೂ ಅರೆ ನಿಮಿಷದಲ್ಲಿ ಕೂಗು ಬೀಳುತ್ತದೆ. ಬೆಂಕಿ ಆರಿಸುವ ಪಂಪು ನಡೆಯುವುದೂ ಅದೇ ಬಾಯ್ಲರಿನ ಉಗಿಯಿಂದ. ಸುತ್ತಲೂ ನದಿ ನೀರು. ಎತ್ತಿ ಹೊಯ್ಯಲು ಶಕ್ತಿಯೂ ಸಿದ್ಧ. ಒಲೆ ಆರಿದ ದಿನ ಕೂಲಿಯವರು ಇಳಿದು ಹೋಗುತ್ತಾರೆ, ಪಂಪೂ ಸಾಯುತ್ತದೆ. ಉಳಿಯುವುದು ಬಣ್ಣ ಬಳಿದ ಒಣ ಮರ. ಕೆಳಗೆ ನದಿ ತುಂಬಿ ಹರಿದರೂ ಒಂದು ಕೊಡ ನೀರು ಮೇಲೆ ಬರುವುದಿಲ್ಲ.

ಕಾನೂನು ಎತ್ತ ನೋಡಿತು?

ಮರದ ದೋಣಿಗೆ ಬೆಂಕಿಯ ಭಯ ಆ ನದಿಯವರಿಗೆ ಹೊಸದಲ್ಲ. 1865ರ ಏಪ್ರಿಲ್ 27ರಂದು ‘ಸುಲ್ತಾನಾ’ ಎಂಬ ದೋಣಿಯ ಬಾಯ್ಲರು ಮೆಂಫಿಸ್ ಸಮೀಪ ಸಿಡಿದು, ಬೆಂಕಿ ಹತ್ತಿ ಸಾವಿರಕ್ಕೂ ಹೆಚ್ಚು ಜನ ಸತ್ತರು. 376 ಜನರ ದೋಣಿಗೆ ಎರಡು ಸಾವಿರಕ್ಕೂ ಮೇಲ್ಪಟ್ಟು ಹತ್ತಿಸಿದ್ದರು. ಆ ಜನರಲ್ಲಿ ಹೆಚ್ಚಿನವರು ಯುದ್ಧದ ಸೆರೆಯಿಂದ ಬಿಡುಗಡೆಯಾಗಿ ಮನೆಗೆ ಹೊರಟಿದ್ದ ಸೈನಿಕರು. ಅವರನ್ನು ಹತ್ತಿಸಿಕೊಂಡದ್ದು ಇದೇ ವಿಕ್ಸ್‌ಬರ್ಗಿನಲ್ಲಿ.

ಬಹಳ ಕಾಲದ ನಂತರ, 1965ರಲ್ಲಿ ‘ಯಾರ್ಮತ್ ಕ್ಯಾಸಲ್’ ಎಂಬ ಪ್ರಯಾಣಿಕರ ಹಡಗು ಸಮುದ್ರದಲ್ಲಿ ಸುಟ್ಟು ಮುಳುಗಿತು. ಮರುವರ್ಷವೇ ಅಮೆರಿಕ ಕಾಯಿದೆ ತಂದಿತು. ಐವತ್ತು ಮತ್ತು ಹೆಚ್ಚು ಪ್ರಯಾಣಿಕರು ರಾತ್ರಿ ತಂಗುವ ಹಡಗಿಗೆ ಮರದ ಅಂತಸ್ತು ಕೂಡದು ಎಂದಿತು. ‘ಡೆಲ್ಟಾ ಕ್ವೀನ್’ ಎಂಬ ನದಿ ದೋಣಿಯ ಮೇಲೆ ಆ ದೇಶದವರಿಗೆ ಮಮತೆ. ಅದಕ್ಕಾಗಿ ಸಂಸತ್ತು ಮತ್ತೆ ಮತ್ತೆ ವಿನಾಯಿತಿ ಕೊಟ್ಟು 2008ರವರೆಗೆ ಓಡಿಸಿತು. ಪರ ವಿರೋಧ ದೊಡ್ಡ ಚರ್ಚೆಯೇ ನಡೆಯಿತು.

ಗಮನಿಸಿ: ಚರ್ಚೆಯೆಲ್ಲ ಓಡುವ ಹಡಗಿನದು. ದಡದಲ್ಲಿ ಕಟ್ಟಿದ ದೋಣಿಗೆ ಆ ಕಾಯಿದೆ ತಾಗುವಂಥದ್ದಲ್ಲ. ಪ್ರಾಣ ಹೊತ್ತು ಓಡುವುದಕ್ಕೆ ಮೊದಲ ರಕ್ಷಣೆ ಕೊಟ್ಟದ್ದು ಸರಿಯೇ. ಆದರೆ ನಿಂತ ದೋಣಿಯನ್ನು ಕಾಯುವ ಹೊಣೆ ಪೂರ್ತಿ ಊರಿನ ಮೇಲೆ ಬಿತ್ತು ಎನ್ನುವುದೂ ಅಷ್ಟೇ ಸರಿ.

ಸೂರು ಕಂಡ ಮುದುಕಿ

ಬೆಂಕಿ ಆರಿದ ಮೇಲೆ ಸ್ಪ್ರೇಗ್‌ನಲ್ಲಿ ಉಳಿದದ್ದು ಕರಕಲು ಉಕ್ಕು. ರಿಪೇರಿ ಮಾಡಿಸುವ ಮಾತು ನಡೆಯಿತು. ಮಾತು ಮಾತಾಗಿಯೇ ಉಳಿಯಿತು. ಈಗ ವಿಕ್ಸ್‌ಬರ್ಗಿನ ನೆರೆ ತಡೆಗೋಡೆಯ ಮೇಲೆ ದೊಡ್ಡವ್ವನ ಬಣ್ಣದ ಚಿತ್ರ ಇದೆ. ನಾಟಕದವರು ಬೇರೆ ಜಾಗ ಹುಡುಕಿಕೊಂಡು ನಾಟಕ ಮುಂದುವರಿಸಿದರು. ನಾಟಕಕ್ಕೆ ಬೇರೆ ಜಾಗ ಸಿಕ್ಕಿತು, ದೋಣಿಗೆ ಬೇರೆ ದೋಣಿ ಸಿಗಲಿಲ್ಲ.

ಸ್ಪ್ರೇಗ್ ಹುಟ್ಟಿದ ಅಯೋವಾದಲ್ಲೇ ಇನ್ನೊಂದು ಟಗ್ ಇದೆ. ಹೆಸರು ‘ಲೋನ್ ಸ್ಟಾರ್’. 1868ರದು, ಒಡಲೂ ಮರದ್ದೇ. ಬೆಂಕಿಗೆ ಸ್ಪ್ರೇಗ್‌ಗಿಂತ ಸುಲಭದ ತುತ್ತು. 1967ರವರೆಗೆ ದುಡಿದು ನಿಂತಿತು. ಲೆಕ್ಲೇರ್ ಎಂಬ ಪುಟ್ಟ ಊರಿನವರು ಅದನ್ನು ನೀರಿನಿಂದ ಮೇಲೆ ತಂದು ಮ್ಯೂಸಿಯಮ್ಮಿನ ಪಕ್ಕ ಇಟ್ಟರು, ಸುತ್ತ ಕಟ್ಟಡ ಕಟ್ಟಿ ಮೇಲೆ ಸೂರು ಹಾಕಿದರು. ಇವತ್ತಿಗೂ ಇದೆ. ಅದು ದಾಖಲೆ ಮಾಡಿದ ದೋಣಿಯಲ್ಲ, ದೊಡ್ಡವ್ವನ ಮುಂದೆ ಮೊಮ್ಮಗು. ಉಳಿದದ್ದು ಮಾತ್ರ ಅದು.

ಹಳೆಯದೊಂದು ಊರಿನ ಕೈಗೆ ಬಂದಾಗ ಹಾರ ಹಾಕಿ ಫೋಟೋ ತೆಗೆಸಿಕೊಳ್ಳುವವರಿಗೆ ಬರ ಇಲ್ಲ. ಆದರೆ ಆ ದಿನವೇ ಎದ್ದು ನಿಂತು ಮೂರು ಪ್ರಶ್ನೆ ಕೇಳುವವನೊಬ್ಬ ಬೇಕು. ರಾತ್ರಿ ಅಲ್ಲಿ ಎಚ್ಚರ ಇರುವವರು ಯಾರು? ನೀರು ಎಲ್ಲಿಂದ, ಯಾವ ಪಂಪಿನಿಂದ ಬರುತ್ತದೆ? ವರ್ಷ ವರ್ಷ ಇದಕ್ಕೆ ದುಡ್ಡು ಬಜೆಟ್ಟಿನ ಯಾವ ಲೆಕ್ಕದಲ್ಲಿದೆ? ಕೇಳಿದವನನ್ನು ‘ಅಪಶಕುನ’ ಎಂದು ಕೂರಿಸಬೇಡಿ. ಒಂದು ಡಾಲರು ಸ್ಪ್ರೇಗ್ ದೋಣಿಯ ಬೆಲೆ ಆಗಿರಲಿಲ್ಲ. ಅದು ಬರೀ ಮುಂಗಡ.