ವಿರೋಧೀ ಹಿಂಸೆಯ ಹೆಸರಿನಲ್ಲಿ ಬಂದೂಕು

ಕಳೆದ ದಶಲಕ್ಷಣ ಪರ್ವದಲ್ಲಿ ನಮ್ಮೂರಿನ ಬಸದಿಯ ಜಗಲಿಯ ಮೇಲೆ ನಡೆದ ಒಂದು ಮಾತುಕತೆ ಈ ಬರೆಹಕ್ಕೆ ಕಾರಣ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ನೆಲೆಸಿರುವ ನಮ್ಮವರೇ ಆದ ತರುಣರೊಬ್ಬರು ಮಡದಿ ಮಕ್ಕಳೊಡನೆ ಬಂದಿದ್ದರು. ಸೂರ್ಯಾಸ್ತದ ಬಳಿಕ ಆಹಾರ ಮುಟ್ಟದ ಶ್ರದ್ಧಾವಂತರು. ಮಾತಿನ ನಡುವೆ ತಮ್ಮ ಮನೆಯಲ್ಲಿ ಒಂದು ಪಿಸ್ತೂಲಿದೆ ಎಂದರು. ಕೇಳಿದವರು ಬೆಚ್ಚಿದಾಗ ಅವರಿತ್ತ ಉತ್ತರ ಶಾಸ್ತ್ರದ ಪರಿಭಾಷೆಯಲ್ಲಿಯೇ ಇತ್ತು: "ಗೃಹಸ್ಥನು ಬಿಡಬೇಕಾದದ್ದು ಸಂಕಲ್ಪೀ ಹಿಂಸೆಯನ್ನು. ವಿರೋಧೀ ಹಿಂಸೆ ಅವನಿಗೆ ತಪ್ಪಿದ್ದಲ್ಲವಲ್ಲ? ಅಲ್ಲದೆ ಅದು ಆ ದೇಶದ ಸಂಸ್ಕೃತಿ." ಹಿರಿಯರು ತಲೆದೂಗಿದರು. ಒಬ್ಬರು ಚಾವುಂಡರಾಯನನ್ನು ಸಾಕ್ಷಿಗೆ ಕರೆದರು. ಇನ್ನೊಬ್ಬರು, ಬಸದಿಗೂ ಬಂದೂಕುಧಾರಿ ಕಾವಲುಗಾರನೊಬ್ಬ ಬೇಕೆಂಬ ಠರಾವನ್ನು ಮುಂದಿನ ಟ್ರಸ್ಟ್ ಸಭೆಗೆ ತರುವುದಾಗಿ ಹೇಳಿದರು. ಅಂದು ನಾನು ಸುಮ್ಮನಿದ್ದೆ. ಅದು ತಪ್ಪಾಯಿತು.

ಮೊದಲು 'ದೇಶದ ಸಂಸ್ಕೃತಿ' ಎಂಬ ಮಾತನ್ನು ನೋಡೋಣ. ಶಸ್ತ್ರಧಾರಣೆಯ ಹಕ್ಕನ್ನು ಹೇಳುವ ಎರಡನೆಯ ತಿದ್ದುಪಡಿ ಅಮೆರಿಕದ ಸಂವಿಧಾನಕ್ಕೆ ಸೇರಿದ್ದು 1791ರಲ್ಲಿ. ಆ ವಾಕ್ಯ ಆರಂಭವಾಗುವುದೇ ಸುವ್ಯವಸ್ಥಿತ ನಾಗರಿಕ ಸೇನೆಯ ಮಾತಿನಿಂದ. ಅದು ಆತ್ಮರಕ್ಷಣೆಗಾಗಿ ಮನೆಯಲ್ಲಿ ಬಂದೂಕು ಇರಿಸಿಕೊಳ್ಳುವ ವ್ಯಕ್ತಿಯ ಹಕ್ಕೂ ಹೌದೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತದ್ದು 2008ರಲ್ಲಿ. ಮನೆಯ ಹೊರಗೂ ಅದನ್ನು ವಿಸ್ತರಿಸಿದ್ದು 2022ರಲ್ಲಿ. ಟೆಕ್ಸಾಸ್ ರಾಜ್ಯದಲ್ಲಿ ವಯಸ್ಕರು ಪರವಾನಿಗೆಯೇ ಇಲ್ಲದೆ ಕೈಬಂದೂಕು ಧರಿಸಿ ತಿರುಗಬಹುದಾದದ್ದು 2021ರಿಂದ. ಅನಾದಿಯೆಂದು ಬಗೆದ ಸಂಸ್ಕೃತಿಯ ಎಷ್ಟೋ ಭಾಗ ನಮ್ಮ ಕಣ್ಣೆದುರೇ ಕಟ್ಟಿದ್ದು! 2012ರ ಡಿಸೆಂಬರಿನಲ್ಲಿ ನ್ಯೂಟೌನಿನ ಶಾಲೆಯೊಂದರಲ್ಲಿ 20 ಮಕ್ಕಳೂ 6 ಮಂದಿ ಹಿರಿಯರೂ ಹತರಾದರು. ಕೊಳ್ಳುವವರ ಪೂರ್ವಾಪರವನ್ನು ಹೆಚ್ಚು ವ್ಯಾಪಕವಾಗಿ ಪರೀಕ್ಷಿಸಬೇಕೆಂಬ ಮಸೂದೆಗೆ ಮರುವರ್ಷ ಸೆನೆಟ್ ಸಭೆಯಲ್ಲಿ 54 ಮತಗಳು ಬಂದವು, ಬೇಕಿದ್ದುದು 60. ಅದು ಬಿದ್ದುಹೋಯಿತು. ನಮ್ಮ ತರುಣರಿರುವ ರಾಜ್ಯದ ಯುವಾಲ್ಡೆಯಲ್ಲಿಯೇ 2022ರಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತ ಮೇಲೆ ಒಂದು ಅಲ್ಪ ಕಾನೂನು ಬಂದಿತು.

ಇದನ್ನು ಆಸ್ಟ್ರೇಲಿಯಾದೊಡನೆ ಹೋಲಿಸಬೇಕು. ಅದೂ ವಲಸೆಗಾರರು ಕಾಡು ಬಯಲುಗಳಲ್ಲಿ ಬಂದೂಕು ಹಿಡಿದು ಕಟ್ಟಿದ ದೇಶ. ಅಲ್ಲಿನ ರೈತನಿಗೂ ಬಂದೂಕು ಮನೆಯ ಉಪಕರಣವೇ ಆಗಿತ್ತು. 1996ರ ಏಪ್ರಿಲ್ 28ರಂದು ಟ್ಯಾಸ್ಮೇನಿಯಾದ ಪೋರ್ಟ್ ಆರ್ಥರಿನಲ್ಲಿ ಒಬ್ಬನೇ ಮನುಷ್ಯ 35 ಜನರನ್ನು ಕೊಂದನು. ಹನ್ನೆರಡೇ ದಿನಗಳಲ್ಲಿ ಕೇಂದ್ರವೂ ರಾಜ್ಯಗಳೂ ಕೂಡಿ ಒಪ್ಪಂದಕ್ಕೆ ಬಂದವು. ಪ್ರಧಾನಿ ಜಾನ್ ಹೋವರ್ಡ್ ಕ್ರಾಂತಿಕಾರಿಯೇನಲ್ಲ, ಸಂಪ್ರದಾಯಸ್ಥ ಪಕ್ಷದವರು. ಗ್ರಾಮೀಣ ಮತದಾರರ ಕೋಪವನ್ನು ಎದುರಿಸಲು ಒಂದು ಸಭೆಗೆ ಗುಂಡುನಿರೋಧಕ ಕವಚ ತೊಟ್ಟು ಹೋಗಬೇಕಾಯಿತು, ಆದರೂ ಹಿಂಜರಿಯಲಿಲ್ಲ. ಒಮ್ಮೆಗೆ ಮಾತ್ರ ಎತ್ತಿದ ಒಂದು ಸಣ್ಣ ತೆರಿಗೆಯ ಹಣದಿಂದ ಸುಮಾರು ಆರೂವರೆ ಲಕ್ಷ ಬಂದೂಕುಗಳನ್ನು ಸರ್ಕಾರ ಮರಳಿ ಕೊಂಡು ನಾಶಮಾಡಿತು. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಅಲ್ಲಿ ಪರವಾನಿಗೆ ಬೇಡುವವನು ತಕ್ಕ ಕಾರಣವನ್ನು ಕೊಡಬೇಕು. ಬೇಸಾಯವನ್ನು ಹೇಳಬಹುದು, ಗುರಿಯಾಟದ ಕ್ರೀಡೆಯನ್ನು ಹೇಳಬಹುದು. "ನನ್ನ ರಕ್ಷಣೆಗೆ ಬೇಕು" ಎಂದರೆ ಅದನ್ನು ಕಾರಣವೆಂದು ಕಾನೂನು ಗಣಿಸುವುದಿಲ್ಲ. ಅಮೆರಿಕದಲ್ಲಿ ಯಾವುದು ಹಕ್ಕಿನ ಬುಡವೋ, ಇಲ್ಲಿ ಅದು ಅರ್ಜಿಗೂ ಅರ್ಹವಲ್ಲ. 2025ರ ಡಿಸೆಂಬರಿನಲ್ಲಿ ಸಿಡ್ನಿಯ ಬೋಂಡೈ ಕಡಲತೀರದಲ್ಲಿ ಮತ್ತೆ ಹತ್ಯಾಕಾಂಡ ನಡೆದಾಗಲೂ ಆ ದೇಶ ಬಂದೂಕುಗಳನ್ನು ಹೆಚ್ಚಿಸಲು ಹೋಗದೆ ಕಾನೂನನ್ನು ಬಿಗಿಗೊಳಿಸಲು ಹೊರಟಿತು.

ಬ್ರಿಟನ್ ಡನ್‌ಬ್ಲೇನಿನ ಶಾಲೆಯಲ್ಲಿ 16 ಮಕ್ಕಳನ್ನೂ ಅವರ ಶಿಕ್ಷಕಿಯನ್ನೂ ಕಳೆದುಕೊಂಡದ್ದು ಅದೇ 1996ರಲ್ಲಿ. ಮರುವರ್ಷವೇ ಕೈಬಂದೂಕುಗಳನ್ನು ನಿಷೇಧಿಸಿತು.

ನಮ್ಮ ದೇಶದ ವಿಷಯವೇನು? 1878ರ ಶಸ್ತ್ರ ಕಾಯಿದೆ ಭಾರತೀಯರಿಗೆ ಒಂದು ನ್ಯಾಯ, ಯುರೋಪಿಯನ್ನರಿಗೆ ಒಂದು ನ್ಯಾಯವೆಂದು ಎಣಿಸಿತ್ತು. ಸ್ವತಂತ್ರ ಭಾರತ 1959ರಲ್ಲಿ ಹೊಸ ಕಾಯಿದೆ ಮಾಡಿದಾಗ ಆ ಅವಮಾನವನ್ನು ಬಿಟ್ಟರೂ ಪರವಾನಿಗೆಯನ್ನು ಬಿಡಲಿಲ್ಲ. 2019ರ ತಿದ್ದುಪಡಿ ಒಬ್ಬನು ಇರಿಸಿಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಕೊಡಗಿನ ಮಾತು ಎತ್ತುವವರು ಇರುತ್ತಾರೆ, ಎತ್ತಬೇಕಾದದ್ದೇ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಿಗೆಯಿಂದ ವಿನಾಯಿತಿಯಿದೆ. 2021ರಲ್ಲಿ ನಮ್ಮ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದಿನಂದು ಕೋವಿಗೆ ಪೂಜೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಈ ಆಚರಣೆಯನ್ನು ಅಹಿಂಸಾಧರ್ಮದವನಾದ ನಾನು ನನ್ನದೆನ್ನಲಾರೆ. ಆದರೆ ಅಲ್ಲಿ ಕೋವಿ ಮನೆತನದ್ದು, ಹಿರಿಯರ ಕಣ್ಗಾವಲಿನಲ್ಲಿರುವಂಥದ್ದು. ಅಂಗಡಿಯಲ್ಲಿ ಕೊಂಡು ತಂದು ಹಾಸಿಗೆಯ ಪಕ್ಕದಲ್ಲಿರಿಸಿದ ಭಯಕ್ಕೆ ಅದರ ಸಾಕ್ಷ್ಯ ಒದಗದು.

ಇನ್ನು ವಿರೋಧೀ ಹಿಂಸೆ. ಎದುರಾಳಿ ಎದುರು ನಿಂತಾಗ, ಬೇರೆ ದಾರಿಯಿಲ್ಲದಾಗ, ಅನಿವಾರ್ಯವಾಗಿ ಒದಗುವುದು ಆ ಹಿಂಸೆ. ಮುಖ ಕಾಣದ ಕಳ್ಳನೊಬ್ಬನನ್ನು ಕೊಲ್ಲುವೆನೆಂದು ಮುಂಗಡವಾಗಿ ನಿಶ್ಚಯಿಸಿ, ಅದಕ್ಕೆ ಸಾಧನ ಕೊಂಡು, ಪ್ರತಿ ರಾತ್ರಿ ಅದರ ಪಕ್ಕದಲ್ಲಿ ಮಲಗುವುದಕ್ಕೆ ಸಂಕಲ್ಪವಲ್ಲದೆ ಬೇರೆ ಹೆಸರುಂಟೇ? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ಎಣಿಸುವಾಗ ಹಿಂಸಾದಾನವನ್ನೂ ಹೇಳಿದ್ದಾರೆ: ಕೊಡಲಿ, ಖಡ್ಗ, ಬೆಂಕಿ, ಆಯುಧ ಮುಂತಾದವನ್ನು ಇನ್ನೊಬ್ಬರ ಕೈಗೆ ಕೊಡುವುದು. ಮನೆಯಲ್ಲಿ ಇರಿಸಿದ ಪಿಸ್ತೂಲನ್ನು ಯಾರಿಗೂ ಕೊಟ್ಟಿಲ್ಲವೆಂದು ತಿಳಿದರೆ ಅದು ಭ್ರಮೆ. ಕುತೂಹಲದ ಮಗುವಿಗೆ, ಕೋಪದಲ್ಲಿರುವ ಹದಿಹರೆಯದವನಿಗೆ, ಬದುಕು ಬೇಸರವಾದ ಹಿರಿಯರಿಗೆ ಅದು ಆಗಲೇ ಕೊಟ್ಟಾಗಿದೆ. ಅಮೆರಿಕದಲ್ಲಿ 2021ರಲ್ಲಿ ಬಂದೂಕಿನಿಂದ ಸತ್ತವರು 48 ಸಾವಿರಕ್ಕೂ ಮಿಗಿಲು; ಅವರಲ್ಲಿ 26 ಸಾವಿರಕ್ಕೂ ಹೆಚ್ಚಿನವರದು ಆತ್ಮಹತ್ಯೆ. ಕಳ್ಳನಿಗೆಂದು ತಂದ ಗುಂಡು ಹೆಚ್ಚಾಗಿ ಹುಡುಕುವುದು ಮನೆಯವರನ್ನೇ. ಪಿಸ್ತೂಲನ್ನು ಬೀಗದೊಳಗೆ ಇಟ್ಟಿದ್ದೀರಾ ಎಂದು ಆ ತರುಣರನ್ನು ಆಮೇಲೆ ಒಬ್ಬನೇ ಕೇಳಿದೆ. "ಬೀಗ ಹಾಕಿದರೆ ಬೇಕಾದ ಹೊತ್ತಿಗೆ ಕೈಗೆ ಸಿಗಬೇಕಲ್ಲ, ಮಾವ" ಎಂದರು. ಅವರ ಚಿಕ್ಕ ಮಗನಿಗೆ ಆರು ವರ್ಷ.

ಚಾವುಂಡರಾಯನು ಖಡ್ಗ ಹಿಡಿದದ್ದು ನಿಜ. ಗಂಗರ ದಂಡನಾಯಕನಾಗಿ, ರಾಜ್ಯದ ಆಜ್ಞೆಗೊಳಪಟ್ಟು ಹಿಡಿದನು. ಆ ಭಾರವನ್ನು ಇಂದು ನಮಗಾಗಿ ಪೊಲೀಸರೂ ಸೈನಿಕರೂ ಹೊತ್ತಿದ್ದಾರೆ.

ಟ್ರಸ್ಟಿನ ಸಭೆ ಬರುವ ತಿಂಗಳಿದೆ. ಜಿನಬಿಂಬಗಳ ಕಳವಿನ ಭಯ ಸುಳ್ಳಲ್ಲ. ಅದನ್ನು ಹಗುರವಾಗಿ ನೋಡುವವನೂ ನಾನಲ್ಲ. ಗರ್ಭಗೃಹಕ್ಕೆ ಗಟ್ಟಿ ಕಬ್ಬಿಣದ ಬಾಗಿಲು, ಎಚ್ಚರಿಕೆಯ ಗಂಟೆ, ಕ್ಯಾಮೆರಾ, ರಾತ್ರಿಯಿಡೀ ದೀಪ, ತಕ್ಕ ಸಂಬಳದ ಇಬ್ಬರು ಕಾವಲುಗಾರರು, ಇಷ್ಟಕ್ಕೆ ತಗಲುವ ವೆಚ್ಚದ ಅಂದಾಜನ್ನು ಸಿದ್ಧಪಡಿಸಿದ್ದೇನೆ. ಅದನ್ನು ಮಂಡಿಸಿ ಬಂದೂಕಿನ ಠರಾವಿಗೆ ವಿರುದ್ಧವಾಗಿ ಮತ ಹಾಕುತ್ತೇನೆ. ಟೆಕ್ಸಾಸಿಗೂ ಒಂದು ಪತ್ರ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.