ಗೋಡೆಗಲ್ಲ, ಕುರ್ಚಿಗೆ ತಕ್ಕ ಟೀವಿ

ತೀರ್ಥಹಳ್ಳಿ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ಎಂದು ಇಟ್ಟುಕೊಳ್ಳಿ. ಅವರ ಮನೆಯಲ್ಲಿರುವುದು 32 ಇಂಚಿನ ಹಳೆಯ ಟೀವಿ. ಎಂಬತ್ತು ದಾಟಿದ ತಾಯಿಗೆ ಕಣ್ಣಿನ ಪೊರೆ ತೆಗೆಸಿ ಆಗಿದೆ, ಆದರೂ ತೆರೆಯ ಮೇಲಿನ ಮುಖಗಳು ಸರಿಯಾಗಿ ಗುರುತಾಗುವುದಿಲ್ಲ. ಕುರ್ಚಿಯನ್ನು ಎಳೆದೆಳೆದು ಟೀವಿಯ ಮುಂದೆಯೇ ಹೋಗಿ ಕೂರುತ್ತಾರೆ. ಹಿಂದೆ ಕೂತವರಿಗೆ ಕಾಣುವುದು ಅವರ ತುರುಬು ಮಾತ್ರ. ‘ಅತ್ತೆಗೋಸ್ಕರವಾದರೂ ಒಂದು ದೊಡ್ಡ ಟೀವಿ ತನ್ನಿ’ ಎಂದು ಹೆಂಡತಿ ಹೇಳಿ ವರ್ಷವಾಯಿತು. ಈಗ ಬ್ಯಾಂಕಿನ ಠೇವಣಿಯೊಂದು ಕೈಗೆ ಬಂದಿದೆ. 45 ಸಾವಿರದ ಮೇಲೆ ಒಂದು ಪೈಸೆಯೂ ಇಲ್ಲ ಎಂದು ನಿಶ್ಚಯಿಸಿ ಮೇಷ್ಟ್ರು ಶಿವಮೊಗ್ಗದ ಬಸ್ಸು ಹತ್ತಿದರು.

ಅಂಗಡಿಯಲ್ಲಿ ಗೋಡೆ ತುಂಬ ಟೀವಿಗಳು. ಎಲ್ಲದರಲ್ಲೂ ಅದೇ ಗಿಳಿ, ಅದೇ ಸಮುದ್ರ, ಅದೇ ಹೂವು. ‘ಸರ್, ಇದು ಕ್ಯೂಎಲ್‌ಇಡಿ, ಅದು ಮಿನಿ ಎಲ್‌ಇಡಿ, ಆ ಕಡೆಯದು ಓಎಲ್‌ಇಡಿ. ಎಲ್ಲಾ ಫೋರ್ ಕೆ ಸರ್, ಎಚ್‌ಡಿಆರ್ ಇದೆ’ ಎಂದ ಹುಡುಗ. ಮೂವತ್ತು ವರ್ಷ ಮಕ್ಕಳಿಗೆ ವ್ಯಾಕರಣ ಹೇಳಿಕೊಟ್ಟ ಮೇಷ್ಟ್ರಿಗೆ ಇದರಲ್ಲಿ ಕರ್ತೃ ಯಾವುದು, ಕರ್ಮ ಯಾವುದು ಎಂದೇ ತಿಳಿಯಲಿಲ್ಲ.

ಗಾಬರಿ ಬೇಡ. ಹೆಸರು ಎಷ್ಟೇ ಇರಲಿ, ಇಂದು ಅಂಗಡಿಯಲ್ಲಿ ಸಿಗುವ ಟೀವಿಗಳಲ್ಲಿ ಮುಖ್ಯವಾಗಿ ಎರಡೇ ಜಾತಿ. ಹಿಂದಿನಿಂದ ದೀಪ ಹಿಡಿದು ಚಿತ್ರ ತೋರಿಸುವುದು ಒಂದು. ಚಿತ್ರದ ಪ್ರತಿ ಚುಕ್ಕಿಯೂ ತಾನೇ ದೀಪವಾಗಿ ಉರಿಯುವುದು ಇನ್ನೊಂದು.

ಮೊದಲನೆಯದು ಎಲ್‌ಸಿಡಿ, ಅಂದರೆ ದ್ರವ ಸ್ಫಟಿಕದ ತೆರೆ. ಈ ವಿಚಿತ್ರ ವಸ್ತುವನ್ನು 1888ರಲ್ಲಿ ಮೊದಲು ಗಮನಿಸಿದವರು ಆಸ್ಟ್ರಿಯಾದ ಸಸ್ಯವಿಜ್ಞಾನಿ ಫ್ರೆಡ್ರಿಕ್ ರೈನಿಟ್ಜರ್. ಅವರು ಪರೀಕ್ಷಿಸುತ್ತಿದ್ದುದು ಕ್ಯಾರೆಟ್ಟಿನಿಂದ ತೆಗೆದ ಕೊಲೆಸ್ಟರಾಲನ್ನು! ಇಂದಿನ ತೆರೆಯಲ್ಲಿ ದ್ರವ ಸ್ಫಟಿಕದ್ದು ಬಾಗಿಲು ಕಾಯುವ ಕೆಲಸ. ಹಿಂದೆ ದೀಪ ಉರಿಯುತ್ತಲೇ ಇರುತ್ತದೆ. ಮುಂದೆ ಲಕ್ಷಾಂತರ ಪುಟ್ಟ ಬಾಗಿಲುಗಳು ತೆರೆದು ಮುಚ್ಚಿ ಬೆಳಕನ್ನು ಬೇಕಾದಷ್ಟೇ ಹೊರಬಿಡುತ್ತವೆ. ಆದರೆ ಹಳೆಯ ಮನೆಯ ಬಾಗಿಲಿನಂತೆ ಇವೂ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಸಂದಿಯಿಂದ ಬೆಳಕು ಸೋರುತ್ತದೆ. ಆದ್ದರಿಂದಲೇ ರಾತ್ರಿಯ ದೃಶ್ಯದಲ್ಲಿ ಕಪ್ಪು ಎಂಬುದು ಬೂದಿಯಂತೆ ಕಾಣುವುದು.

‘ಎಲ್‌ಇಡಿ ಟೀವಿ’ ಎಂದು ಮಾರುವುದು ಇದನ್ನೇ. ಹಿಂದಿನ ದೀಪ ಮಾತ್ರ ಎಲ್‌ಇಡಿ. ಕ್ಯೂಎಲ್‌ಇಡಿ ಎಂಬುದೂ ಇದೇ ಕುಲದ್ದು. ದೀಪಕ್ಕೂ ಬಾಗಿಲಿಗೂ ನಡುವೆ ‘ಕ್ವಾಂಟಮ್ ಚುಕ್ಕಿ’ಗಳೆಂಬ ಅತಿಸೂಕ್ಷ್ಮ ಕಣಗಳ ಹಾಳೆಯೊಂದನ್ನು ಇಟ್ಟಿರುತ್ತಾರೆ. ಬಣ್ಣ ಇನ್ನಷ್ಟು ಶುದ್ಧವಾಗುತ್ತದೆ. ಈ ಕಣಗಳ ಶೋಧನೆಗೆ 2023ರ ರಸಾಯನವಿಜ್ಞಾನದ ನೊಬೆಲ್ ಬಂತು, ನಿಜ. ಆದರೆ ನೊಬೆಲ್ ಬಂದ ಕಣವೂ ಸೋರುವ ಬಾಗಿಲನ್ನು ಮುಚ್ಚಲಾರದು. ಅದನ್ನು ಒಂದಿಷ್ಟು ಸರಿಮಾಡುವುದು ಮಿನಿ ಎಲ್‌ಇಡಿ. ಹಿಂದಿನ ದೀಪಗಳನ್ನು ಪುಟ್ಟದಾಗಿಸಿ, ಗುಂಪು ಗುಂಪಾಗಿ ಬೇರೆ ಬೇರೆ ಆರಿಸುವ ಏರ್ಪಾಡು ಇದರಲ್ಲಿದೆ. ಗುಂಪುಗಳು ಹೆಚ್ಚಿದಷ್ಟೂ ಚಿತ್ರ ಚೆನ್ನ, ಬೆಲೆಯೂ ಹೆಚ್ಚು.

ಎರಡನೆಯ ಜಾತಿ ಓಎಲ್‌ಇಡಿ. 1987ರಲ್ಲಿ ಕೊಡಾಕ್ ಕಂಪನಿಯ ಚಿಂಗ್ ಟಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ತೋರಿಸಿದ ಸಾವಯವ ದೀಪದ ಮುಂದುವರಿಕೆ ಇದು. ಪ್ರತಿ ಚುಕ್ಕಿಯೂ ತಾನೇ ಉರಿಯುತ್ತದೆ, ಬೇಡವೆಂದರೆ ತಾನೇ ಆರುತ್ತದೆ. ಕಪ್ಪೆಂದರೆ ಅಮಾವಾಸ್ಯೆಯ ಕಪ್ಪು. ನೋಡಲು ಇದಕ್ಕೆ ಸಾಟಿಯಿಲ್ಲ. ಆದರೆ ದೊಡ್ಡ ತೆರೆಯ ಬೆಲೆ ಲಕ್ಷ ರೂಪಾಯಿಯ ಆಸುಪಾಸಿನಿಂದ ಶುರು. ಇನ್ನೊಂದು ತೊಡಕೂ ಇದೆ. ಒಂದೇ ಚಿತ್ರ ಒಂದೇ ಜಾಗದಲ್ಲಿ ತಿಂಗಳುಗಟ್ಟಲೆ ನಿಂತರೆ ಅಲ್ಲಿನ ಚುಕ್ಕಿಗಳು ಬೇಗ ಸವೆದು ಕಲೆ ಉಳಿಯಬಹುದು. ಬೆಳಗಿನಿಂದ ರಾತ್ರಿಯವರೆಗೆ ಸುದ್ದಿ ವಾಹಿನಿ ಹಾಕಿಡುವ ಮನೆಯಲ್ಲಿ, ಮೂಲೆಯ ಆ ಲಾಂಛನ ಮತ್ತು ಕೆಳಗಿನ ಆ ಕೆಂಪು ಪಟ್ಟಿ ಟೀವಿಯ ಹಣೆಬರಹವೇ ಆದೀತು.

ಹಾಗಾದರೆ ಪ್ರೊಜೆಕ್ಟರ್? ನೂರು ಇಂಚಿನ ಚಿತ್ರ ಅಗ್ಗವಾಗಿ ಸಿಗುತ್ತದಲ್ಲ ಎನ್ನುವವರಿದ್ದಾರೆ. ಪ್ರೊಜೆಕ್ಟರ್ ಗೋಡೆಯ ಮೇಲೆ ಬೆಳಕನ್ನು ಚೆಲ್ಲಬಲ್ಲದು, ಕತ್ತಲನ್ನು ಚೆಲ್ಲಲಾರದು. ಹಗಲಿನಲ್ಲಿ ಗೋಡೆ ಎಷ್ಟು ಬೆಳ್ಳಗಿರುತ್ತದೋ ಅಷ್ಟೇ ಅದರ ‘ಕಪ್ಪು’. ಕಿಟಕಿ ಮುಚ್ಚಿ ರಾತ್ರಿ ಸಿನಿಮಾ ನೋಡುವವರಿಗೆ ಸರಿ. ಮಧ್ಯಾಹ್ನ ಎರಡಕ್ಕೆ ಧಾರಾವಾಹಿ ನೋಡುವ ಅಜ್ಜಿಗೆ ಅಲ್ಲ.

ಅಂತೂ 45 ಸಾವಿರದ ಮಿತಿಯಲ್ಲಿ ಮೇಷ್ಟ್ರ ಪಾಲಿಗೆ ಉಳಿಯುವುದು ಎಲ್‌ಸಿಡಿ ಕುಲವೇ. ಅದರೊಳಗೆ ಆಯ್ಕೆ ಹೇಗೆ? ಇಲ್ಲಿಯೇ ಹೆಚ್ಚಿನವರು ಎಡವುವುದು. ಅವರು ಗೋಡೆಯನ್ನು ಅಳೆದುಕೊಂಡು ಬರುತ್ತಾರೆ. ಅಳೆಯಬೇಕಾದದ್ದು ಕುರ್ಚಿಯಿಂದ ಗೋಡೆಗಿರುವ ದೂರವನ್ನು.

ಆ ದೂರವನ್ನು ಇಂಚಿನಲ್ಲಿ ಬರೆದು 1.6ರಿಂದ ಭಾಗಿಸಿ. ಬಂದ ಸಂಖ್ಯೆ ಸಿನಿಮಾ ಮಂದಿರದ ಅನುಭವ ಕೊಡುವ ತೆರೆಯ ಅಳತೆ. 2.2ರಿಂದ ಭಾಗಿಸಿದರೆ ಸುದ್ದಿ, ಧಾರಾವಾಹಿಗೆ ಸಾಕಾಗುವ ಅಳತೆ. ಮೇಷ್ಟ್ರ ಮನೆಯಲ್ಲಿ ಬೆಂಚು ಇರುವುದು ಹತ್ತು ಅಡಿ, ಅಂದರೆ 120 ಇಂಚು ದೂರದಲ್ಲಿ. ಭಾಗಿಸಿದರೆ 75 ಮತ್ತು 55 ಬರುತ್ತದೆ. ತಾಯಿಯ ಕುರ್ಚಿಯನ್ನು ಏಳು ಅಡಿಯಲ್ಲಿಟ್ಟರೆ 55 ಇಂಚಿನ ತೆರೆ ಅವರಿಗೆ ಸಿನಿಮಾ ಮಂದಿರವೇ ಸರಿ. 43 ಇಂಚಿನದಕ್ಕೆ ಹೋಲಿಸಿದರೆ 55ರ ವಿಸ್ತೀರ್ಣ ಒಂದೂವರೆ ಪಟ್ಟಿಗಿಂತ ಹೆಚ್ಚು. ಮಂದ ಕಣ್ಣಿಗೆ ಬೇಕಾದದ್ದು ದೊಡ್ಡ ಮುಖ, ದೊಡ್ಡ ಅಕ್ಷರ. ಅದೇ ಹಣಕ್ಕೆ 43 ಇಂಚಿನ ಕ್ಯೂಎಲ್‌ಇಡಿಯೋ, 55 ಇಂಚಿನ ಸಾದಾ ಎಲ್‌ಇಡಿಯೋ ಎಂಬ ಪ್ರಶ್ನೆ ಬಂದರೆ ಈ ಮನೆಗೆ ಉತ್ತರ ಎರಡನೆಯದು.

ಫೋರ್ ಕೆ ಎಂಬ ಮಾತಿಗೂ ಇದೇ ಅಳತೆ. ಫೋರ್ ಕೆ ತೆರೆಯಲ್ಲಿ 83 ಲಕ್ಷ ಚುಕ್ಕಿಗಳು, ಫುಲ್ ಎಚ್‌ಡಿಯಲ್ಲಿ 21 ಲಕ್ಷ. ಆದರೆ 55 ಇಂಚಿನ ತೆರೆಯನ್ನು ಏಳು ಅಡಿಗಿಂತ ಆಚೆ ಕೂತು ನೋಡಿದರೆ ಫುಲ್ ಎಚ್‌ಡಿಯ ಚುಕ್ಕಿಗಳೂ ಸಾಮಾನ್ಯ ಕಣ್ಣಿಗೆ ಬಿಡಿಬಿಡಿಯಾಗಿ ಕಾಣುವುದಿಲ್ಲ. ಈ ಅಳತೆಯ ಹೊಸ ಟೀವಿಗಳು ಹೇಗೂ ಫೋರ್ ಕೆ ಆಗಿಯೇ ಬರುತ್ತವೆ, ಬರಲಿ. ಆ ಹೆಸರಿಗೆಂದು ಹೆಚ್ಚು ದುಡ್ಡು ತೆರಬೇಕಿಲ್ಲ. ಡಿಟಿಎಚ್‌ನ ಸಾದಾ ವಾಹಿನಿಯ ಚಿತ್ರದಲ್ಲಿ ಇರುವುದೇ ಸುಮಾರು ನಾಲ್ಕು ಲಕ್ಷ ಚುಕ್ಕಿ. ಅದರ ಒಂದೊಂದು ಚುಕ್ಕಿಯನ್ನೂ ಫೋರ್ ಕೆ ಟೀವಿ ಇಪ್ಪತ್ತಾಗಿ ಹಿಗ್ಗಿಸಬೇಕು. ಒಂದು ಸೇರು ಹಾಲಿಗೆ ಇಪ್ಪತ್ತು ಸೇರು ನೀರು ಬೆರೆಸಿದ ಹಾಗೆ! ಆದ್ದರಿಂದ ಅಂಗಡಿಯ ಗಿಳಿ, ಸಮುದ್ರ ನೋಡಿ ಮರುಳಾಗಬೇಡಿ. ‘ಮಾಮೂಲಿ ಕನ್ನಡ ಚಾನೆಲ್ ಒಂದು ಹಾಕಪ್ಪ’ ಎಂದು ಕೇಳಿ. ಮನೆಯಲ್ಲಿ ಕಾಣಬೇಕಾದದ್ದು ಅದೇ. ಎಚ್‌ಡಿಆರ್ ಮಾತೂ ಅಷ್ಟೆ. ಅಗ್ಗದ ಟೀವಿ ಆ ಸಂಕೇತವನ್ನು ಓದಬಲ್ಲದು, ಅದಕ್ಕೆ ತಕ್ಕಷ್ಟು ಪ್ರಕಾಶ ಅದರ ದೀಪಕ್ಕಿರುವುದಿಲ್ಲ.

ಮುಂದೆ, ತೆರೆಯ ಪಕ್ಕಕ್ಕೆ ಸರಿದು ನಿಂತು ನೋಡಿ. ಬಣ್ಣ ಮಾಸಿದಂತೆ ಕಂಡರೆ ಅದು ಬಹುಶಃ ವಿಎ ಬಗೆಯ ಪ್ಯಾನೆಲ್. ನೇರವಾಗಿ ನೋಡಿದರೆ ಅದರ ಕಪ್ಪು ಗಾಢ. ಓರೆಯಿಂದಲೂ ಬಣ್ಣ ನಿಂತರೆ ಐಪಿಎಸ್ ಬಗೆ, ಕಪ್ಪು ಕೊಂಚ ಪೇಲವ. ಓರೆ ನೋಟದ ಈ ತಾಪತ್ರಯಕ್ಕೂ ಬೆಂಗಳೂರಿಗೂ ಹಳೆಯ ನಂಟಿದೆ. ಸಿ.ವಿ. ರಾಮನ್ನರ ಸೋದರಿಯ ಮಗ ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು ಅಲ್ಲಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ 1977ರಲ್ಲಿ ಬಿಲ್ಲೆಯಾಕಾರದ ಅಣುಗಳ ದ್ರವ ಸ್ಫಟಿಕವನ್ನು ಕಂಡುಹಿಡಿದರು. ಎಲ್‌ಸಿಡಿ ತೆರೆ ಓರೆಯಿಂದಲೂ ಕಾಣುವಂತೆ ಮಾಡುವ ಹಾಳೆಗಳಲ್ಲಿ ಮುಂದೆ ಅಂಥ ಅಣುಗಳು ಬಳಕೆಗೆ ಬಂದವು. ಒಬ್ಬರು ಬೆಂಚಿನಲ್ಲಿ, ಒಬ್ಬರು ಚಾಪೆಯ ಮೇಲೆ, ಒಬ್ಬರು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುವ ನಮ್ಮ ಮನೆಗಳಿಗೆ ಐಪಿಎಸ್ ಒಳ್ಳೆಯದು. ಕತ್ತಲಲ್ಲಿ ಇಬ್ಬರೇ ಎದುರು ಕೂತು ಸಿನಿಮಾ ನೋಡುವುದಾದರೆ ವಿಎ.

ಇದ್ದ ಹಣವನ್ನೆಲ್ಲ ತೆರೆಗೇ ಸುರಿಯಬೇಡಿ. ತೆಳ್ಳಗಿನ ಟೀವಿಯ ದನಿಯೂ ತೆಳ್ಳಗೆ. ಕಿವಿ ಮಂದವಾದವರಿರುವ ಮನೆಯಲ್ಲಿ ಮೂರ್ನಾಲ್ಕು ಸಾವಿರವನ್ನು ಸ್ಪೀಕರಿಗೆ ಎತ್ತಿಡುವುದು ಜಾಣತನ. 32 ಇಂಚಿಗಿಂತ ದೊಡ್ಡ ಟೀವಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ತೆರಿಗೆಗೆ ಮುಂಚೆ 35 ಸಾವಿರದ ಟೀವಿಗೆ ಇದರಿಂದ ಉಳಿಯುವುದು 3,500 ರೂಪಾಯಿ. ಸ್ಪೀಕರು ಅದರಲ್ಲೇ ಬಂತು.

ಕೊಳ್ಳುವ ಮುಂಚೆ ಇನ್ನೆರಡು ಪ್ರಶ್ನೆ ಕೇಳಿ. ರಿಪೇರಿಗೆ ಊರಿಗೆ ಬರುವವರು ಯಾರು? ವಾರಂಟಿ ಪ್ಯಾನೆಲ್ಲಿಗೂ ಇದೆಯೇ, ಎಷ್ಟು ವರ್ಷ? ಪ್ಯಾನೆಲ್ ಹೋದರೆ ಅದರ ಬೆಲೆ ಹೊಸ ಟೀವಿಯ ಬೆಲೆಗೆ ಹತ್ತಿರ ಹೋಗುವುದುಂಟು. ಮಲೆನಾಡಿನ ಏಪ್ರಿಲ್-ಮೇ ತಿಂಗಳ ಗುಡುಗು ಸಿಡಿಲಿಗೆ ಯಾವ ತಂತ್ರಜ್ಞಾನವೂ ಹೊರತಲ್ಲ. ಮೋಡ ಕಟ್ಟಿದೊಡನೆ ಪ್ಲಗ್ಗನ್ನೂ ಡಿಷ್‌ನ ತಂತಿಯನ್ನೂ ಕಿತ್ತಿಡುವುದೇ ಅಗ್ಗದ ವಿಮೆ.

‘ಹೊಸ ತಂತ್ರಜ್ಞಾನ ಬರಲಿ, ಕಾಯೋಣ’ ಎನ್ನುವವರಿಗೆ ಒಂದು ಮಾತು. ಒಂದು ಕಾಲದಲ್ಲಿ ಚಿತ್ರದ ಗುಣಕ್ಕೆ ಮಾದರಿಯೆನಿಸಿದ್ದ ಪ್ಲಾಸ್ಮಾ ಟೀವಿಯನ್ನು ದೊಡ್ಡ ಕಂಪನಿಗಳು 2014ರ ಹೊತ್ತಿಗೆ ಕೈಬಿಟ್ಟವು. ಕನ್ನಡಕ ಹಾಕಿ ನೋಡುವ ತ್ರೀಡಿ ಟೀವಿ 2017ರ ವೇಳೆಗೆ ಮೂಲೆ ಸೇರಿತು. ತಂತ್ರಜ್ಞಾನ ಕಾಯುವುದಿಲ್ಲ, ವಯಸ್ಸಾದ ಕಣ್ಣುಗಳೂ ಕಾಯುವುದಿಲ್ಲ.

ಮೇಷ್ಟ್ರು 55 ಇಂಚಿನ ಸಾದಾ ಎಲ್‌ಇಡಿಯನ್ನೇ ತಂದರು. ಸೂರಿನ ಹತ್ತಿರ ತೂಗುಹಾಕಲು ಹೊರಟ ಹುಡುಗನನ್ನು ತಡೆದು, ಕೂತವರ ಕಣ್ಣಿನ ಮಟ್ಟಕ್ಕೆ ಹಾಕಿಸಿದರು. ಸಂಜೆ ತಾಯಿ ಏಳು ಅಡಿ ದೂರದ ತಮ್ಮ ಕುರ್ಚಿಯಲ್ಲಿ ಕೂತು ಧಾರಾವಾಹಿ ನೋಡಿದರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು: ‘ಈ ಸೊಸೆ ಮೂಗುತಿ ಹಾಕ್ತಾಳೇನೋ? ಎರಡು ವರ್ಷದಿಂದ ನೋಡ್ತಿದ್ದೆ, ಕಂಡೇ ಇರಲಿಲ್ಲ.’